ಗಿರಣಿ ಬಸಮ್ಮನ ಒಪ್ಪಿಗೆ

ನಿನ್ನೆ ಸಂಜೆ ಮಗಳು ಯಾರದೋ ಮದುವೆಯ ಕರೆಯೋಲೆಯ ಲಿಂಕ್ ಕಳಿಸಿದ್ದಳು. ಒತ್ತಿದೆ. ಒಂದು ಪುಟ ಬಂತು. ‘ಆ್ಯಪ್‌ನಲ್ಲಿ ತೆರೆಯುತ್ತಿದೆ’ ಎಂದು ಸ್ವಲ್ಪ ಹೊತ್ತು ಚಕ್ರ ತಿರುಗಿಸಿ, ಕೊನೆಗೆ ಆ ಪುಟವೇ ಕರೆಯೋಲೆಯನ್ನು ತೋರಿಸಿತು.

“ಆ್ಯಪ್ ಇದ್ರ ಅದು ತೆರಿತೈತಿ. ಇಲ್ಲಂದ್ರ ಆ ಪುಟಾನ ಅದರ ಕೆಲಸ ಮಾಡತೈತಿ ಅಪ್ಪ,” ಎಂದು ಮಗಳು ಫೋನಿನಲ್ಲಿ ತಿಳಿಹೇಳಿದಳು.

ಈ ಏರ್ಪಾಡು ನನಗೆ ಹೊಸದಲ್ಲ ನೋಡಿ. ತೊಂಬತ್ತರ ದಶಕದಲ್ಲಿ ಕೊಟ್ಟೂರಿನಲ್ಲಿ ಇದನ್ನು ಗಿರಣಿ ಬಸಮ್ಮ ಒಬ್ಬರೇ ನಡೆಸುತ್ತಿದ್ದರು.

ಆಗ ನಾನು ಹಡಗಲಿಯಲ್ಲಿ ಮಾಸ್ತರ. ಕೊಟ್ಟೂರಿನ ಸುಮಾಳ ಜೊತೆ ಮದುವೆ ಗೊತ್ತಾಗಿತ್ತು. ಹೆಣ್ಣು ನೋಡಲು ಹೋದಾಗ ಅವಳು ಮಂಡಕ್ಕಿ, ಮಿರ್ಚಿಯ ತಟ್ಟೆ ಇಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬಂದಿರಲಿಲ್ಲ. ಒಪ್ಪಿದ್ದು ಅವಳೋ, ಅವರಪ್ಪನೋ? ಮಿರ್ಚಿ ಚೆನ್ನಾಗಿದ್ದವು ನಿಜ. ಅದನ್ನೇ ಒಪ್ಪಿಗೆಯೆಂದು ತಿಳಿಯುವಷ್ಟು ದಡ್ಡ ನಾನಲ್ಲ.

ಅವರ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಹಿಟ್ಟಿನ ಗಿರಣಿಯದೇ ಪಿಪಿ ನಂಬರು. ಅಲ್ಲಿಗೆ ಫೋನ್ ಮಾಡಿದರೆ ಒಡತಿ ಬಸಮ್ಮ ಗೋಡೆಯಾಚೆ ಕೂಗಿ ಸುಮಾಳನ್ನು ಕರೆಯುವರು. ಅವಳು ಸಿಗದಿದ್ದರೆ ತಾವೇ ಮಾತಾಡುವರು.

“ಅಕಿ ಹೊಲಿಗಿ ಕಲಿಯಾಕ ಹೋಗ್ಯಾಳ್ರಿ ಮಾಸ್ತರ. ನಾ ಅದೀನಲ್ಲ, ನನಗ ಹೇಳ್ರಿ.”

ಮೂರು ಸಲ ಹೀಗೇ ಆಯಿತು. ಮೂರು ಸಲವೂ ಹಡಗಲಿಯ ಬಿಸಿಲಿನ ವಿಷಯ ಹೇಳಿ ಇಟ್ಟುಬಿಟ್ಟೆ.

ಮದುವೆಗೆ ಎಂಟು ದಿನ ಉಳಿದಾಗ ಧೈರ್ಯ ಮಾಡಿ ಮತ್ತೆ ಎಸ್‌ಟಿಡಿ ಬೂತಿಗೆ ಹೋದೆ. ಒಂದು ಹೆಣ್ಣುದನಿ “ಹಲೋ” ಅಂದಿತು. ಗಿರಣಿಯ ಗದ್ದಲದಲ್ಲಿ ಯಾರೆಂದು ತಿಳಿಯದು. ಆಸೆ ನೋಡಿ, ಸುಮಾಳೇ ಎಂದುಕೊಂಡೆ.

“ಈ ಮದುವಿ ನಿಮಗ ಮನಸಿನಿಂದ ಒಪ್ಪಿಗಿ ಐತೇನ್ರಿ?”

“ಏನ್ರಿ? ಜೋರಾಗಿ ಹೇಳ್ರಿ.”

ಜೋರಾಗಿ ಹೇಳಿದೆ. ಬೂತಿನ ಹೊರಗಿದ್ದ ನಮ್ಮ ಹೆಡ್‌ಮಾಸ್ತರರು ತಿರುಗಿ ನೋಡಿದರು. ಇನ್ನೊಮ್ಮೆ ಒದರುವಾಗ ನಡುವೆಯೇ ಆ ಕಡೆ ಗಿರಣಿ ನಿಂತುಹೋಯಿತು. ನನ್ನ ‘ಒಪ್ಪಿಗಿ ಐತೇನ್ರಿ’ ಆ ಮೌನದೊಳಗೆ ಹೋಗಿ ಬಿದ್ದಿತು.

“ನಾನು ಬಸಮ್ಮರಿ ಮಾಸ್ತರ. ನಮ್ದು ಪೂರಾ ಒಪ್ಪಿಗಿ ಐತಿ.”

ಫೋನ್ ಇಟ್ಟೆ. ಮತ್ತೆ ಕೇಳುವ ಮುಖ ಉಳಿದಿರಲಿಲ್ಲ. ಮದುವೆಯಾಯಿತು. ಅಕ್ಷತೆ ಹಾಕುವಾಗ ಹೆಡ್‌ಮಾಸ್ತರರು “ಒಪ್ಪಿದ್ರೇನಪಾ?” ಎಂದು ಕಿವಿಯಲ್ಲಿ ಕೇಳಿದರು. ಗೋಣು ಆಡಿಸಿದೆ, ಯಾವ ಕಡೆಗೆಂದು ನೆನಪಿಲ್ಲ.

ನಿನ್ನೆ ಇದನ್ನೆಲ್ಲ ಮೊದಲ ಸಲ ಸುಮಾಳಿಗೆ ಹೇಳಿದೆ. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದವಳು ತಲೆಯೆತ್ತಲಿಲ್ಲ.

“ನಂಗೊತ್ತೈತಿ. ಅವತ್ತು ಜ್ವಾಳ ಬೀಸಾಕ ಹೋಗಿ ಅಲ್ಲೇ ನಿಂತಿದ್ದೆ. ನೀವು ಏನು ಒದರಾಕ ಹತ್ತೀರಿ ಅಂತ ಕೇಳಸ್ಲಿ ಅಂತ ಗಿರಣಿ ಬಂದ್ ಮಾಡಿದಾಕಿ ನಾನ.”

“ಮತ್ತ ಫೋನ್ ಯಾಕ ತಗೊಳ್ಳಲಿಲ್ಲ?”

“ಹೂಂ ಅನ್ನಾಕ ಕೈ ಚಾಚಿದ್ದೆ. ಬಸಮ್ಮಕ್ಕ ಕೊಡ್ಲೇ ಇಲ್ಲ.”

ನಾನೂ ಅವಳೆದುರು ಕೂತು ಹುಣಸೆ ಬಿಡಿಸತೊಡಗಿದೆ. ಇಷ್ಟು ವರ್ಷ ಬಸಮ್ಮನವರ ಒಪ್ಪಿಗೆಯ ಮೇಲೆಯೇ ಸಂಸಾರ ಮಾಡಿದ್ದೆನಲ್ಲ. ನಿನ್ನೆಯಿಂದ ಮನೆಯಲ್ಲಿ ಸ್ವಲ್ಪ ಹೊಸ ಮದುಮಗನ ಹಾಗೆ ಓಡಾಡುತ್ತಿದ್ದೇನೆ.