ಧರ್ಮಶಾಲೆಯ ಅರವತ್ತಾರು ಮಗ್ಗುಲು

ಮೊದಲ ಕೋಳಿ ಕೂಗಿದೆ. ಹಾನಗಲ್ಲಿನ ಸಂತೆಪೇಟೆಯಲ್ಲಿ ಜಿಟಿಜಿಟಿ ಮಳೆ. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಬಗಲಲ್ಲಿ ಕಸಬರಿಗೆ ಸಿಗಿಸಿಕೊಂಡ ಹೆಂಗಸೊಬ್ಬಳು ಅಂಗಡಿ ಸಾಲಿನ ಜಗಲಿಗಳ ಮುಂದೆ ನಡೆಯುತ್ತಿದ್ದಾಳೆ. ಮಲಗಿದವರನ್ನು ಎಬ್ಬಿಸುವುದಿಲ್ಲ. ಅವರ ಕಾಲಬುಡದಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ, ತುಟಿ ಅಲುಗಿಸುತ್ತಾಳೆ, ಮುಂದೆ ಹೋಗುತ್ತಾಳೆ. ಜಗಲಿಗಳ ಮೇಲೆ ಒಂಬತ್ತು. ಹುಣಸೆ ಮರದ ಕೆಳಗೆ ನಿಂತ ಬಂಡಿಯಡಿ ನಾಲ್ಕು. ಗಾಣದ ಮನೆಯ ಗೋಡೆಗೆ ಒತ್ತಿಕೊಂಡು ಆರು. ಕೆರೆಯ ಏರಿಯ ಮೇಲಿನ ಮಂಟಪದಲ್ಲಿ ಹದಿನಾಲ್ಕು. ಧರ್ಮಶಾಲೆಗೆ ಮರಳುವಷ್ಟರಲ್ಲಿ ಮೂಡಲು ಬೆಳ್ಳಗಾಗುತ್ತದೆ. ಕಸಬರಿಗೆ ಇಡುವ ಗೂಡಿನೊಳಗಿನ ಗೋಡೆಯ ಮೇಲೆ ಇದ್ದಿಲಿನಿಂದ ಮೂವತ್ತಮೂರು ಗೀಟು ಎಳೆದ ಮೇಲೆಯೇ ಆಕೆ ಮುಖ ತೊಳೆಯುವುದು.

ಇವಳು ದುರಗವ್ವ. ಧರ್ಮಶಾಲೆಯ ಕಸ ಗುಡಿಸುವವಳು. ವಯಸ್ಸು ಐವತ್ತರ ಹತ್ತಿರ. ಓದು ಬರಹ ಬಾರದು. ಆದರೆ 1943ರ ಈ ಮಳೆಗಾಲದಲ್ಲಿ ಹಾನಗಲ್ಲಿನೊಳಗೆ ಸೂರಿಲ್ಲದೆ ಮಲಗುವವರು ಎಷ್ಟು ಜನ, ಅವರಲ್ಲಿ ಎಷ್ಟು ಜನಕ್ಕೆ ಒಳಗೆ ಜಾಗ ಸಿಕ್ಕಿದೆ ಎಂದು ತಿಳಿಯಬೇಕಾದರೆ ಕಚೇರಿಯವರೂ ಆಕೆಯನ್ನೇ ಕೇಳಬೇಕು.

“ಎದ್ದ ಮ್ಯಾಲ ಎಣಸಾಕ ಬರೂದಿಲ್ಲರಿ,” ಎನ್ನುತ್ತಾಳೆ. “ಒಬ್ಬಾಕಿ ನೆಲ್ಲು ಕುಟ್ಟಾಕ ಹೋಗಿರ್ತಾಳ, ಒಬ್ಬಾಂವ ನಾಟಿ ಗದ್ದಿಗೆ ಹೋಗಿರ್ತಾನ. ಮಲಗಿದಾಗಷ್ಟ ಮನಶಾ ಒಂದ ಜಾಗಾದಾಗ ಸಿಗ್ತಾನ.”

ಹೊರಗೆ ಮಲಗಿದವರೆಲ್ಲ ಮನೆಯಿಲ್ಲದವರಲ್ಲ. ಸಂತೆಗೆಂದು ಬಂದವರೂ ಇರುತ್ತಾರೆ, ಸವಣೂರು ಕಡೆಯ ಬಂಡಿಯವರೂ ಇರುತ್ತಾರೆ. ಗುರುತು ಹೇಗೆ ಎಂದರೆ ದುರಗವ್ವ ಅವರ ತಲೆದೆಸೆಯ ಗಂಟು ತೋರಿಸುತ್ತಾಳೆ. “ದಾರ್ಯಾಗ ಹೋಗೋರ ಗಂಟಿನಾಗ ರೊಟ್ಟಿ ಇರ್ತಾವ. ಇವರ ಗಂಟಿನಾಗ ಮಸಿ ಹಿಡದ ಗಡಿಗಿ ಇರ್ತೈತಿ. ಒಬ್ಬಾಕಿ ಬೀಸೋ ಕಲ್ಲಿನ ಗೂಟ ಕಟ್ಕೊಂಡು ಬಂದಾಳ. ಕಲ್ಲು ಹೊತಗೊಂಡು ಬರಾಕ ಆಗಿಲ್ಲ, ಗೂಟ ಬಿಟ್ಟು ಬರಾಕ ಮನಸಾಗಿಲ್ಲ. ಆಕಿನ್ನ ಎಣಸಬೇಕೋ ಬ್ಯಾಡೋ ನೀವ ಹೇಳ್ರಿ.”

ದುರಗವ್ವನ ಹುಟ್ಟೂರು ಹಿರೇಕೆರೂರು ತಾಲೂಕಿನ ಅಬಲೂರು. ಗಂಡ ತೀರಿದ ವರ್ಷವೇ ಮಣ್ಣಿನ ಗೋಡೆ ಕುಸಿದು ಮನೆ ಬಿತ್ತು. ಭತ್ತದ ನಾಡಿನಲ್ಲಿ ಕೂಲಿಗೆ ಕೊರತೆಯಿಲ್ಲ ಎಂದು ಯಾರೋ ಹೇಳಿದ ಮಾತು ನಂಬಿ ಹಾನಗಲ್ಲಿಗೆ ನಡೆದು ಬಂದಳು. ಹನ್ನೊಂದು ದಿನ ಇದೇ ಧರ್ಮಶಾಲೆಯ ಕಂಬವೊಂದರ ಬುಡದಲ್ಲಿ ಮಲಗಿದಳು. ಹನ್ನೆರಡನೆಯ ದಿನ ಗುಡಿಸುವವಳು ಬರಲಿಲ್ಲ, ಕಸಬರಿಗೆ ಇವಳ ಕೈಗೆ ಬಂತು.

ಎಣಿಕೆ ಆಕೆಗೆ ಅಂಟಿದ್ದು ಏಳು ವರ್ಷದ ಹಿಂದೆ, ಪ್ಲೇಗಿನ ಕಾಲದಲ್ಲಿ.

ಇಲಿ ಸತ್ತು ಬೀಳುತ್ತಿದ್ದಂತೆ ಊರವರು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಹೋದರು. ಹೊಲವಿಲ್ಲದವರು ಬೀದಿಯಲ್ಲೇ ಉಳಿದರು. ಆಗ ಒಬ್ಬ ಮನುಷ್ಯ ಕೈಯಲ್ಲಿ ಕಾಗದ ಹಿಡಿದು ಬಂದು, ಹೊರಗೆ ಮಲಗುವವರು ಎಲ್ಲೆಲ್ಲಿದ್ದಾರೆ ಎಂದು ಕೇಳಿದ. ಗಂಜಿ ಕೊಡಲಿಕ್ಕೆ ಕೇಳುತ್ತಿದ್ದಾನೆ ಎಂದುಕೊಂಡ ದುರಗವ್ವ ಮೂಲೆ ಮೂಲೆಯನ್ನೂ ಬೆರಳು ಮಾಡಿ ತೋರಿಸಿದಳು. ನಲವತ್ತೊಂದು ಜನ. ಮೂರನೆಯ ದಿನ ಬೆಳಗ್ಗೆ ನಾಲ್ಕು ಬಂಡಿ ಬಂದವು. ರೋಗ ಹರಡುವವರೆಂದು ಅಷ್ಟೂ ಜನರನ್ನು ಹತ್ತಿಸಿಕೊಂಡು ಹೋಗಿ ಚಿಕ್ಕೇರೂರಿನ ದಾರಿಯಲ್ಲಿ ಇಳಿಸಿದರು. ಕೌದಿ ಹೊಲಿಯುವ ಕುಲಸುಮಬಿಯ ಗಂಡನಿಗೆ ಮೊದಲೇ ಜ್ವರವಿತ್ತು. ಬಂಡಿಯಲ್ಲೇ ಜೀವ ಬಿಟ್ಟ.

ಮರುದಿನ ದುರಗವ್ವ ರೊಟ್ಟಿ ಕಟ್ಟಿಕೊಂಡು ಆ ದಾರಿ ಹಿಡಿದು ಹೋದಳು. “ಮೂರು ಮೂರು ಕಲ್ಲಿನ ಒಲಿ ಸಿಕ್ಕವು. ಬೂದಿ ಇನ್ನೂ ಬೆಚ್ಚಗಿತ್ತು. ಮಂದಿ ಇರಲಿಲ್ಲ. ರೊಟ್ಟಿ ತಿರುಗಿ ತಂದೆ.”

ಕುಲಸುಮಬಿ ಎರಡು ವರ್ಷದ ಮೇಲೆ ಮಗಳು ಬಿಬಿಜಾನಳ ಕೈ ಹಿಡಿದುಕೊಂಡು ಮರಳಿ ಬಂದಳು. ಸಂತೆಕಟ್ಟೆಯ ಮೇಲೆ ಮಲಗುತ್ತಿದ್ದಳು. ದುರಗವ್ವ ಗುಡಿಸುತ್ತ ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದಳು.

ಈ ವರ್ಷ ಮೇ ತಿಂಗಳಿನಲ್ಲಿ ಮತ್ತೆ ಎಣಿಕೆಯ ಮಾತು ಬಂತು. ಬಿಜಾಪುರ ಸೀಮೆಯಲ್ಲಿ ಕಾಳು ಸಿಗದೆ ಜನ ಗುಂಪುಗುಂಪಾಗಿ ಇಳಿದು ಬಂದಿದ್ದರು. ಕೆಲವರು ಯಲವಿಗಿಯವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸವಣೂರು, ಶಿಗ್ಗಾಂವಿ ಮೇಲೆ ಹಾಯ್ದು ಹಾನಗಲ್ಲಿಗೆ ನಡೆದು ಬಂದಿದ್ದರು. ಮಳೆ ಹಿಡಿಯುವ ಮೊದಲು ಸೂರಿಲ್ಲದವರು ಎಷ್ಟು, ಜಾಗ ಎಷ್ಟು ಎಂದು ತಿಳಿಸಬೇಕೆಂದು ಪ್ರಾಂತ ಅಧಿಕಾರಿಗಳ ಕಾಗದ ಬಂತು. ಜಾಗ ಸಾಲದಿದ್ದರೆ ಶಾಲೆಯ ಪಡಸಾಲೆ, ಗಿರಣಿಯ ಉಗ್ರಾಣ ತೆರೆಸುತ್ತಾರೆ. ಜಾಗವಿದ್ದೂ ಹೊರಗೆ ಮಲಗಿದರೆ ಅವರು ಪುಂಡರೆಂದು ಲೆಕ್ಕ, ಪೊಲೀಸರು ಊರ ಹೊರಗೆ ಹಾಕುತ್ತಾರೆ.

ಧರ್ಮಶಾಲೆ ಸಮಿತಿಯ ಕಾರ್ಯದರ್ಶಿ ಚನ್ನವೀರಪ್ಪನವರು ಕೆಟ್ಟವರಲ್ಲ. ಆದರೆ ಜಾಗ ಕೊಟ್ಟಷ್ಟೂ ಜನ ಬರುತ್ತಾರೆಂಬ ಭಯ ಅವರಿಗೆ. ಕುಳಿತಲ್ಲೇ ಲೆಕ್ಕ ಹಾಕಿದರು. ಧರ್ಮಶಾಲೆಯಲ್ಲಿ ಕಂಬದಿಂದ ಕಂಬಕ್ಕೆ ಹನ್ನೆರಡು ಅಂಕಣ, ಅಂಕಣಕ್ಕೆ ಹತ್ತು ಜನ, ಒಟ್ಟು ನೂರಿಪ್ಪತ್ತು. ಸೂರಿಲ್ಲದವರು ನೂರರ ಆಸುಪಾಸು. ಕೊರತೆಯೇ ಇಲ್ಲ.

ದುರಗವ್ವ ಆ ಮಾತು ಕೇಳಿಸಿಕೊಂಡಳು. ಎರಡು ಅಂಕಣದಲ್ಲಿ ಸಮಿತಿಯ ಜೋಳದ ಚೀಲಗಳಿವೆ. ಒಂದು ಅಂಕಣ ಸೋರುತ್ತದೆ. ಉಳಿದ ಒಂಬತ್ತನ್ನು ಆಕೆ ತನ್ನ ಮೊಳದಿಂದ ಅಳೆದಳು. ಮನುಷ್ಯ ಮಲಗಲು ಉದ್ದ ಮೂರೂವರೆ ಮೊಳ, ಅಗಲ ಒಂದೂವರೆ. ಹಸುಗೂಸಿನ ತಾಯಿಗೆ ಇನ್ನೊಂದು ಮೊಳ. ನಡುವೆ ಎದ್ದು ಹೊರಗೆ ಹೋಗಲು ದಾರಿ. ಲೆಕ್ಕ ಅರವತ್ತಮೂರಕ್ಕೆ ನಿಂತಿತು. ಸೂರಿಲ್ಲದವರನ್ನು ಎಣಿಸಿದರೆ ನೂರಾ ನಲವತ್ತೆಂಟು.

ಆ ಎಣಿಕೆ ಸುಲಭಕ್ಕೆ ಆಗಲಿಲ್ಲ. ಆಕೆಯನ್ನು ಕಂಡರೆ ಜನ ಗಂಟು ಎತ್ತಿಕೊಂಡು ಸರಿಯುತ್ತಿದ್ದರು. ಸಂತೆಕಟ್ಟೆಯ ಮೇಲೆ ಕುಲಸುಮಬಿ ಮೊದಲ ಸಲ ಬಾಯಿ ಬಿಟ್ಟಳು.

“ನನ್ನ ಎಣಸಬ್ಯಾಡ ದುರಗವ್ವಕ್ಕ. ಹ್ವಾದ ಸಲ ನೀ ಎಣಿಸಿದಿ. ಮೂರನೇ ದಿನಕ್ಕ ಬಂಡಿ ಬಂದವು.”

ದುರಗವ್ವ ಕಸಬರಿಗೆ ಕೆಳಗಿಟ್ಟು ಅಲ್ಲೇ ಕುಳಿತಳು. “ಹೌದು. ನಾನ ತೋರಿಸಿದೆ. ಈ ಸಲ ಬೆರಳು ಮಾಡೂದಿಲ್ಲ, ಹೆಸರು ಹೇಳೂದಿಲ್ಲ. ಎಷ್ಟು ಮಂದಿ ಅನ್ನೂದಷ್ಟ ಹೇಳ್ತೇನಿ.”

“ಎಷ್ಟು ಅಂದ್ರ ಎಲ್ಲಿ ಅಂತ ಕೇಳ್ತಾರ.”

“ಕೇಳ್ಲಿ.”

“ನಿನ್ನ ಕೆಲಸ ಹೋದ್ರ?”

“ಹೋದ್ರ ಇಲ್ಲೇ ನಿನ್ನ ಮಗ್ಗಲಾಗ ಬಂದು ಮಲಕೋತೇನಿ. ಲೆಕ್ಕಕ್ಕ ಒಂದು ಹೆಚ್ಚಾಕ್ಕೈತಿ.”

ಕುಲಸುಮಬಿ ನಗಲಿಲ್ಲ. ಎದ್ದು ಹೋಗಲೂ ಇಲ್ಲ.

ಜೂನ್ ಮೊದಲ ವಾರ ಪ್ರಾಂತ ಅಧಿಕಾರಿಗಳೇ ಬಂದರು. ಜೊತೆಗೆ ಇಬ್ಬರು ಪೊಲೀಸರು. ಚನ್ನವೀರಪ್ಪನವರು ಕಾಗದ ಓದಿ ನೂರಿಪ್ಪತ್ತು ಎಂದರು. ಅಂಗಳದ ಮೂಲೆಯಲ್ಲಿ ನಿಂತಿದ್ದ ದುರಗವ್ವ, “ಅರವತ್ತಮೂರರಿ ಸಾಹೇಬ್ರ,” ಎಂದಳು.

ಚನ್ನವೀರಪ್ಪನವರ ಮುಖ ಕೆಂಪಾಯಿತು. “ಕಸಾ ಹೊಡಿಯಾಕಿಗೆ ಲೆಕ್ಕ ಯಾರು ಕಲಿಸಿದ್ರು? ಸುಳ್ಳಾದ್ರ ಕಸಬರಿಗಿ ಇಲ್ಲಿಟ್ಟು ನಡಿ.”

“ಆಗ್ಲಿರಿ ಧಣ್ಯಾರ. ನಾಳಿ ಮುಂಜಾನೆ ಮಂದಿನ್ನ ಮಲಗಿಸಿ ತೋರಸ್ತೇನಿ. ಆಮ್ಯಾಲ ಇಡ್ತೇನಿ.”

ಅಧಿಕಾರಿಗಳು ಒಪ್ಪಿದರು. ದುರಗವ್ವ ಅಂದು ಸಂಜೆಯವರೆಗೆ ಊರೆಲ್ಲ ತಿರುಗಿದಳು. ಪೊಲೀಸರು ಬಂದ ಸುದ್ದಿ ಆಕೆಗಿಂತ ಮುಂಚೆ ಎಲ್ಲ ಕಡೆ ಮುಟ್ಟಿತ್ತು. ಎಲ್ಲರನ್ನೂ ಒಂದೇ ಕಡೆ ಕೂಡಿಸಿ ಹಿಡಿಯುವ ಹೂಟ ಇದು ಎಂದರು. ಒಬ್ಬರೂ ಬರುತ್ತೇನೆ ಎನ್ನಲಿಲ್ಲ.

ಮರುದಿನ ಹೊತ್ತು ಹುಟ್ಟಿತು. ಅಧಿಕಾರಿಗಳು ಕುರ್ಚಿಯಲ್ಲಿ ಕುಳಿತಿದ್ದರು. ಧರ್ಮಶಾಲೆಯಲ್ಲಿ ಆ ರಾತ್ರಿ ಮಲಗಿದ್ದವರೂ ಹೆದರಿ ನಸುಕಿನಲ್ಲೇ ಜಾಗ ಖಾಲಿ ಮಾಡಿದ್ದರು. ಗುಡಿಸಿದ ನೆಲ ಬರಿದಾಗಿತ್ತು. ಚನ್ನವೀರಪ್ಪನವರು ಗಡಿಯಾರ ನೋಡಿದರು, ಇನ್ನೊಮ್ಮೆ ನೋಡಿದರು. ಮಳೆ ಶುರುವಾಯಿತು. ದುರಗವ್ವ ಬಾಗಿಲ ಹೊರಗೆ ನೆನೆಯುತ್ತ ನಿಂತಿದ್ದಳು. “ಹೆದರಿಕಿ ಹತ್ತಿತ್ತರಿ,” ಎಂದು ಈಗ ಹೇಳುತ್ತಾಳೆ. “ಕೆಲಸ ಹೋಗ್ತೈತಂತ ಅಲ್ಲ. ಯಾರೂ ಬರದಿದ್ರ ಜಾಗಾ ಐತಿ ಅಂತ ಬರಕೊಂಡು ಹೋಗ್ತಾರ, ನಾಳಿಗೆ ಎಲ್ಲಾರನ್ನೂ ಓಡಸ್ತಾರ ಅಂತ.”

ಆಗ ಪೇಟೆಯ ಕಡೆಯಿಂದ ಕುಲಸುಮಬಿ ಬಂದಳು. ಕೌದಿಯನ್ನು ಮಗಳ ತಲೆಯ ಮೇಲೆ ಹೊದಿಸಿದ್ದಳು. ಪೊಲೀಸರ ಮುಂದೆಯೇ ಹಾಯ್ದು ಒಳಗೆ ಬಂದು, ಮೊದಲ ಅಂಕಣದ ತುದಿಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿದಳು. ಪಕ್ಕದಲ್ಲಿ ಮಗಳನ್ನು ಮಲಗಿಸಿಕೊಂಡಳು. “ಎಣಸಕ್ಕ,” ಎಂದಳು.

ದುರಗವ್ವ ಒಳಗೆ ಬಂದು ಅವರ ಕಾಲಬುಡದಲ್ಲಿ ನಿಂತು, ಒಂದು, ಎರಡು ಎಂದು ಜೋರಾಗಿ ಎಣಿಸಿದಳು.

ಕುಲಸುಮಬಿಯನ್ನು ನೋಡಿ ಗಾಣದ ಮನೆಯ ಕಡೆಯವರು ಬಂದರು. ಆಮೇಲೆ ಕೆರೆಯ ಏರಿಯವರು. ಎಲ್ಲ ಸೇರಿ ನೂರಾ ಹನ್ನೆರಡು ಜನ ಬಂದರು, ಉಳಿದವರು ಕೊನೆಗೂ ಬರಲಿಲ್ಲ. ಒಬ್ಬೊಬ್ಬರಾಗಿ ಮಲಗಿದಂತೆ ನೆಲ ಮುಚ್ಚುತ್ತ ಹೋಯಿತು. ಐವತ್ತು ದಾಟಿದಾಗ ಚನ್ನವೀರಪ್ಪನವರು, “ಕಾಲು ಮಡಚ್ರಿ,” ಎಂದು ಕೂಗಿದರು.

ಮಲಗಿದಲ್ಲಿಂದಲೇ ಕುಲಸುಮಬಿ ಉತ್ತರ ಕೊಟ್ಟಳು. “ಒಂದ ಗಳಿಗಿ ಮಡಚ್ತೇವ್ರಿ ಧಣ್ಯಾರ. ಬೆಳತನಕ ಮಡಚ್ಕೊಂಡು ನಿದ್ದಿ ಹತ್ತತೈತೇನು, ನೀವೂ ಒಮ್ಮೆ ಮಲಗಿ ನೋಡ್ರಿ.”

ಅರವತ್ತಾರನೆಯವನು ಹೊಸ್ತಿಲಿಗೆ ತಲೆಯಿಟ್ಟು ಮಲಗಿದ. ಅರವತ್ತೇಳನೆಯವನು ಒಬ್ಬ ಮುದುಕ. ಒಂದು ಕಾಲು ಒಳಗಿಟ್ಟ, ಇನ್ನೊಂದನ್ನು ಇಡಲು ಜಾಗ ಹುಡುಕಿದ, ಸಿಗಲಿಲ್ಲ. ಹಾಗೆಯೇ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವನ ಹಿಂದೆ ಮಳೆಯಲ್ಲಿ ನಲವತ್ತೈದು ಜನ.

ಅಧಿಕಾರಿಗಳು ಎದ್ದು ಬಂದು ನೋಡಿದರು. ಪುಸ್ತಕ ತೆರೆದು ದುರಗವ್ವನ ಕಡೆ ತಿರುಗಿದರು. “ಹೆಸರು, ಊರು, ಎಲ್ಲೆಲ್ಲಿ ಮಲಗುತ್ತಾರೆ, ಬರೆಸು.”

“ಇಲ್ಲರಿ.”

ಪೊಲೀಸನೊಬ್ಬ ಎರಡು ಹೆಜ್ಜೆ ಮುಂದೆ ಬಂದ. ಮಲಗಿದ್ದವರು ತಟ್ಟನೆ ಎದ್ದು ಕುಳಿತರು. ತಾಯಂದಿರು ಕೂಸುಗಳನ್ನು ಎದೆಗೆ ಎಳೆದುಕೊಂಡರು.

“ಯಾಕೆ ಇಲ್ಲ?”

ದುರಗವ್ವ ನಾಲ್ಕು ಬಂಡಿಗಳ ಕಥೆ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ, ಬೆರಳು ತೋರಿಸಿದವಳು ತಾನೇ ಎಂಬುದನ್ನು ಮಾತ್ರ ಮುಚ್ಚಲಿಲ್ಲ. “ಲೆಕ್ಕಾ ಎಷ್ಟು ಬೇಕಾದ್ರೂ ಕೇಳ್ರಿ ಸಾಹೇಬ್ರ, ಹೇಳ್ತೇನಿ. ಎಲ್ಲಿದಾರ ಅಂತ ಕೇಳಬ್ಯಾಡ್ರಿ. ಬೇಕಂದ್ರ ನನ್ನ ಹೆಸರು ಬರಕೊಳ್ರಿ.”

ಅಧಿಕಾರಿಗಳು ಅರವತ್ತಾರು ಎಂದು ಬರೆದುಕೊಂಡು, ಒಟ್ಟು ಎಷ್ಟು ಎಂದು ಆಕೆಯನ್ನೇ ಕೇಳಿ ನೂರಾ ನಲವತ್ತೆಂಟು ಎಂದು ಬರೆದುಕೊಂಡು, ಪುಸ್ತಕ ಮುಚ್ಚಿದರು. ಪೊಲೀಸರಿಗೆ ಹೊರಡಲು ಸನ್ನೆ ಮಾಡಿದರು.

ವಾರದೊಳಗೆ ಶಾಲೆಯ ಪಡಸಾಲೆ ತೆರೆಯಿತು, ಇಪ್ಪತ್ತೆಂಟು ಜನಕ್ಕೆ. ಗಿರಣಿಯ ಉಗ್ರಾಣದಲ್ಲಿ ಇಪ್ಪತ್ತನಾಲ್ಕು. ಪೇಟೆಯ ಹಿಂದೆ ಭತ್ತದ ಹುಲ್ಲು ಹೊದಿಸಿದ ಚಪ್ಪರದಲ್ಲಿ ಇಪ್ಪತ್ತು. ಧರ್ಮಶಾಲೆಯದೂ ಸೇರಿ ನೂರಾ ಮೂವತ್ತೆಂಟು. ಬಂಡಿ ಬರಲಿಲ್ಲ. ಆದರೆ ದುರಗವ್ವ ಎಂಟು ದಿನ ಕೆಲಸದಿಂದ ಹೊರಗಿದ್ದಳು. ಧಣಿಗೆ ಎದುರು ಮಾತಾಡಿದ್ದಕ್ಕೆ ಅದು ಶಿಕ್ಷೆ. ಒಂಬತ್ತನೆಯ ದಿನ ಕಚೇರಿಯಿಂದ ವಾರದ ಲೆಕ್ಕ ಕೇಳಿ ಆಳು ಬಂದಾಗ ಚನ್ನವೀರಪ್ಪನವರ ಬಳಿ ಆ ಲೆಕ್ಕವಿರಲಿಲ್ಲ. ಕಸಬರಿಗೆಯನ್ನು ತಾವೇ ತಂದುಕೊಟ್ಟರು. ಮಾತು ಮಾತ್ರ ಈಗಲೂ ಅಷ್ಟಕ್ಕಷ್ಟೆ.

“ಅವರದೂ ಪೂರಾ ತಪ್ಪಲ್ಲರಿ,” ಎನ್ನುತ್ತಾಳೆ ದುರಗವ್ವ. “ನಾನೂ ಮೂರು ತಪ್ಪಿದ್ದೆ. ಅರವತ್ತಮೂರು ಅಂದಿದ್ದೆ, ಅರವತ್ತಾರು ಹಿಡಿದ್ರು. ಸಣ್ಣ ಹುಡುಗರು ದೊಡ್ಡವರ ನಡುವ ಹೊಂದ್ಕೋತಾವ, ಅದು ನನಗ ಹೊಳದಿರಲಿಲ್ಲ.”

ನಾಟಿಯ ಕಾಲದಲ್ಲಿ ಇನ್ನಷ್ಟು ಜನ ಬಂದು, ಈಗ ಒಟ್ಟು ನೂರಾ ಎಪ್ಪತ್ತೊಂದು. ಹಾಗಾಗಿಯೇ ಹೊರಗೆ ಮೂವತ್ತಮೂರು. ಕುಲಸುಮಬಿ ಮತ್ತು ಬಿಬಿಜಾನ ಧರ್ಮಶಾಲೆಯಲ್ಲಿ, ಈಗ ಹೆಣ್ಣುಮಕ್ಕಳಿಗೆಂದು ಬಿಟ್ಟ ಭಾಗದಲ್ಲಿ, ಗೋಡೆಯ ಪಕ್ಕದ ಅದೇ ಜಾಗದಲ್ಲಿದ್ದಾರೆ. ಬಿಬಿಜಾನಳಿಗೆ ಈಗ ಹದಿನಾಲ್ಕು.

ಏನಾದರೂ ಬೇಕೇ ಎಂದರೆ ದುರಗವ್ವ ಸೀರೆ ಕೇಳುವುದಿಲ್ಲ, ತನಗೊಂದು ಮನೆ ಕೇಳುವುದಿಲ್ಲ. ಹೆಣ್ಣುಮಕ್ಕಳು ಮಲಗುವ ಕಡೆಯ ಬಾಗಿಲ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಚಿಲಕ ಹೊರಗಡೆಗೆ ಮಾತ್ರ ಇದೆ. ಬಾಗಿಲಿನ ಒಳಮೈಯನ್ನು ಅಂಗೈಯಿಂದ ಸವರುತ್ತಾಳೆ.

“ಇಲ್ಲೊಂದು ಹಾಕಸಬೇಕರಿ. ಬಡಿಗ್ಯಾರ ಶಂಕ್ರಪ್ಪಗ ಹೇಳೇನಿ. ಲಡಾಯಿ ನಡದೈತಿ, ಕಬ್ಬಿಣ ಸಿಗವಲ್ದು ಅಂತಾನ. ಕಟ್ಟಿಗಿದ ಆಗ್ಲಿ ಅಂದೇನಿ. ಒಳಗ ಇದ್ರ ಸಾಕು.”