ಕಾಲೇಜಿನ ಕೊಲೆಗಳೂ ನಮ್ಮಜ್ಜಿಯೂ

ಇವತ್ತು ವೆಂಬ್ಲಿಯಲ್ಲಿ ಬಳಸಿದ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಬಿಡಿಸಿ ಮೂಸಿದೆ. ಮುಖಪುಟದಲ್ಲಿ ಕಾಲೇಜಿನ ಗಡಿಯಾರ ಗೋಪುರ, ಕೆಳಗೊಂದು ಬೆಕ್ಕು. ಆ ವಾಸನೆಗೆ ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ ಅಪ್ಪ ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದರೆ, ನನ್ನನ್ನು ನೋಡಿಕೊಳ್ಳಲು ಧಾರವಾಡದಿಂದ ಬಂದಿದ್ದ ಅಜ್ಜಿ ಫ್ಲ್ಯಾಟಿನ ಹೀಟರಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಲೈಬ್ರರಿಯಿಂದ ತಂದ ಇಂಥ ಪುಸ್ತಕಗಳನ್ನು ನಾನೇ ಕನ್ನಡ ಮಾಡಿ ಓದಿ ಹೇಳಬೇಕಿತ್ತು. ಪ್ರೊಫೆಸರ್ ಸತ್ತು ಎರಡು ಪುಟವಾಗುವಷ್ಟರಲ್ಲಿ ಅವಳ ತೀರ್ಪು ಬರುತ್ತಿತ್ತು.

"ಹೆಣ ಎತ್ತೂತನಕಾ ನಾವು ಒಲಿ ಹಚ್ಚಂಗಿಲ್ಲ. ಆ ಲೈಬ್ರರಿಯನ್ ಕುಂತು ಕೇಕ್ ತಿನ್ನಾಕತ್ತಾನ. ಅವನೇ ಕೊಂದಾನ."

ಹೆಚ್ಚಾಗಿ ಅವಳು ಹೇಳಿದವನೇ ಕೊಲೆಗಾರನಾಗಿರುತ್ತಿದ್ದ. ಒಮ್ಮೆ ಸೋಲು ತಾಳಲಾರದೆ, ಕಾಲೇಜಿನ ಮಾಲಿಯನ್ನು ಕೊಲೆಗಾರನನ್ನಾಗಿ ಮಾಡಿ ಕಥೆ ಮುಗಿಸಿಬಿಟ್ಟೆ. ಅಜ್ಜಿ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

"ಒಂದೂ ಹಾಳಿ ತಿರುವಲಾರದ ಇಷ್ಟೆಲ್ಲಾ ಹ್ಯಾಂಗ ಓದಿದಿ? ಪಾಪ, ಆ ಮಾಲಿನ್ನ ಬಿಟ್ಟುಬಿಡವಾ."

ಇವತ್ತಿನ ಪುಸ್ತಕದ ಎರಡನೇ ಅಧ್ಯಾಯದಲ್ಲಿ, ಹೆಣವಿದ್ದ ಕೋಣೆಯ ಪಕ್ಕದಲ್ಲೇ ಡೀನ್ ಸಾಹೇಬರು ಸ್ಕೋನ್ ಬನ್ನಿಗೆ ಜಾಮ್ ಸವರುತ್ತಿದ್ದರು. ಕೌಂಟರ್ ಮುಟ್ಟುವ ಮೊದಲೇ ಕೊಲೆಗಾರ ಸಿಕ್ಕಿದ್ದ. ಆದರೂ ಪುಸ್ತಕ ತಂದಿದ್ದೇನೆ. ಈ ಸಲ ಒಂದೊಂದೇ ಹಾಳೆ ತಿರುವಿ ಓದುತ್ತೇನೆ.