ವಾಂತಿ ಮಾತ್ರೆ ಕೆಲಸ ಮಾಡಿದ ಪ್ರವಾಸ

ಕೊಲಂಬೋ ವಿಮಾನ ತಪ್ಪಬಹುದಿತ್ತು. ಚೆನ್ನೈಯಲ್ಲಿ ನಮ್ಮ ಬ್ಯಾಗುಗಳು ಉಳಿದು ನಾವು ಮಾತ್ರ ಮುಂದೆ ಹೋಗಬಹುದಿತ್ತು. ಮಗನ ಪಾಸ್‌ಪೋರ್ಟಿನ ಹಳೆಯ ಫೋಟೋ ನೋಡಿ, ಈ ಹುಡುಗ ಯಾರು ಎಂದು ಅಧಿಕಾರಿ ಕೇಳಬಹುದಿತ್ತು. ಡೆಂಗಿ ಸೊಳ್ಳೆ ಕಚ್ಚಬಹುದಿತ್ತು. ಕಾಲಿಗೆ ಜಿಗಣೆ ಹತ್ತಬಹುದಿತ್ತು. ಕೋತಿ ಬಂದು ಮಗಳ ಕನ್ನಡಕ ಕಿತ್ತುಕೊಂಡು ಮರ ಏರಬಹುದಿತ್ತು. ಅಲೆಗೆ ಯಾರಾದರೂ ಸಿಕ್ಕಿಕೊಳ್ಳಬಹುದಿತ್ತು. ತೆಂಗಿನಕಾಯಿ ತಲೆಯ ಮೇಲೆ ಬೀಳಬಹುದಿತ್ತು.

(ತುಮಕೂರಿನವನು ತೆಂಗಿನಕಾಯಿಗೆ ಹೆದರುವುದುಂಟೇ ಎಂದು ಕೇಳಬೇಡಿ. ಊರಿನ ಮರಗಳ ಪರಿಚಯವಿತ್ತು. ಇವು ಅಪರಿಚಿತ ಮರಗಳು.)

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಗ್ಯಾಸ್ ಆಫ್ ಮಾಡಿದೆನಾ ಎಂದು ಅರ್ಧ ದಾರಿಯಿಂದ ವಾಪಸ್ ಬಂದ ಕತೆಯನ್ನು ಇದೇ ಅಂಕಣದಲ್ಲಿ ಬರೆದುಕೊಂಡಿದ್ದೇನೆ. ಕೆಲಸವೂ ವಿಮೆಯದೇ. ಆಗಬಾರದ್ದನ್ನೆಲ್ಲ ಮೊದಲೇ ಊಹಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೂ ಅದನ್ನೇ ಮಾಡುತ್ತೇನೆ, ಪುಕ್ಕಟೆಯಾಗಿ.

ಆದರೂ ಶ್ರೀಲಂಕಾಕ್ಕೆ ಹೊರಟೆವು. ಹೊರಡದೆ ಉಪಾಯವಿರಲಿಲ್ಲ. ಅಹಮದಾಬಾದಿನಲ್ಲಿ, ಅದರಲ್ಲೂ ನಮ್ಮ ಬೋಡಕ್‌ದೇವ್ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ, ದೀಪಾವಳಿ ರಜೆಗೆ ಮನೆಯಲ್ಲೇ ಉಳಿದವರನ್ನು ಕಂಡರೆ ಜನ ಆರೋಗ್ಯ ವಿಚಾರಿಸುತ್ತಾರೆ. ನವರಾತ್ರಿ ಮುಗಿಯುವುದೇ ತಡ, ಲಿಫ್ಟಿನಲ್ಲಿ ಸಿಕ್ಕವರದ್ದೆಲ್ಲ ಒಂದೇ ಪ್ರಶ್ನೆ: "ದಿವಾಳೀಮಾ ಕ್ಯಾಂ ಜವಾನಾ?" ದೀಪಾವಳಿಗೆ ಎಲ್ಲಿ ಹೊರಟಿರಿ? ಎಲ್ಲೂ ಇಲ್ಲ ಎಂದರೆ ಲಿಫ್ಟಿನಲ್ಲಿ ಗಾಳಿ ಕಡಿಮೆಯಾದಂತೆ ಆಗುತ್ತದೆ.

ಆದರೆ ಈ ಸಲ ಹೊರಟಿದ್ದು ಲಿಫ್ಟಿನವರಿಗಾಗಿ ಅಲ್ಲ. ಚಿನ್ನುವಿಗಾಗಿ.

ಚಿನ್ಮಯ ನನ್ನ ಮಗ, ನಾಲ್ಕನೇ ಕ್ಲಾಸು. ಸ್ಕೂಲಿನ ಪ್ರಾಜೆಕ್ಟಿಗೆ ಕಡಲಾಮೆಯ ಬಗ್ಗೆ ಬರೆದವನು ಪ್ರಾಜೆಕ್ಟು ಮುಗಿದರೂ ಆಮೆಯನ್ನು ಬಿಡಲಿಲ್ಲ. ಶ್ರೀಲಂಕಾದ ಕಡಲ ತೀರದಲ್ಲಿ ಮೊಟ್ಟೆಯೊಡೆದು ಬಂದ ಆಮೆಮರಿಗಳನ್ನು ಮಕ್ಕಳ ಕೈಯಿಂದ ಸಮುದ್ರಕ್ಕೆ ಬಿಡಿಸುತ್ತಾರೆ ಎಂದು ಎಲ್ಲೋ ವಿಡಿಯೋ ನೋಡಿದ. ಅಂದಿನಿಂದ ಅವನಿಗೆ ಜೀವನದಲ್ಲಿ ಬೇಕಾಗಿದ್ದು ಅದೊಂದೇ. ಒಂದು ಮರಿ. ಅವನ ಅಂಗೈ. ಮುಂದೆ ಸಮುದ್ರ.

ತೊಂದರೆ ಏನೆಂದರೆ, ಚಿನ್ನುವಿಗೆ ನಾಲ್ಕು ಚಕ್ರದ ಯಾವುದರಲ್ಲಿ ಕೂತರೂ ವಾಂತಿ. ಅಹಮದಾಬಾದಿನಿಂದ ವಡೋದರಾಕ್ಕೆ ಹೋಗುವ ಎಕ್ಸ್‌ಪ್ರೆಸ್ ಹೈವೇಯನ್ನು ನೋಡಿದವರಿಗೆ ಗೊತ್ತು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಅದರಲ್ಲೂ ಅರ್ಧ ದಾರಿಯ ನಡಿಯಾದ್ ದಾಟುವುದರೊಳಗೆ ಇವನಿಗೆ ಕವರ್ ಬೇಕು. ಚಳಿಗಾಲದಲ್ಲಿ ಸೂರತ್ತಿಗೆ ಪೋಂಕ್ ತಿನ್ನಲು ಹೋಗಿದ್ದೆವು. (ಎಳೆಯ ಜೋಳದ ಕಾಳು. "ಇದು ನಮ್ಮ ಸೀತನಿ ಅಲ್ಲೇನ್ರಿ, ಇವರೇನು ಹೊಸದಾಗಿ ಕಂಡು ಹಿಡದಾರೇನು?" ಎಂದು ನನ್ನ ಹೆಂಡತಿ ಶುಭಾ ಹುಬ್ಬಳ್ಳಿಯ ಪರವಾಗಿ ಆಕ್ಷೇಪಣೆ ಸಲ್ಲಿಸಿದ್ದಳು.) ಬರುವ ದಾರಿಯಲ್ಲಿ ಆ ಪೋಂಕ್ ಅಷ್ಟೂ ನನ್ನ ಪ್ಯಾಂಟಿನ ಮೇಲಿತ್ತು.

ಹಾಗಾಗಿ ನನ್ನ ಸಿದ್ಧತೆಯೆಲ್ಲ ಅವನ ಹೊಟ್ಟೆಯ ಸುತ್ತ ನಡೆಯಿತು. ಮಾತ್ರೆ, ಶುಂಠಿ, ನಿಂಬೆಹಣ್ಣು, ಕವರಿನ ಕಟ್ಟು, ಬದಲಿ ಅಂಗಿ. ಕ್ಯಾಂಡಿಯಿಂದ ನುವಾರ ಎಲಿಯ ಬೆಟ್ಟಕ್ಕೆ ಹೋಗುವ ರಸ್ತೆಯನ್ನು ಮ್ಯಾಪಿನಲ್ಲಿ ದೊಡ್ಡದು ಮಾಡಿ ನೋಡಿದೆ. ಜಿಲೇಬಿಯ ಹಾಗಿತ್ತು. ಇನ್ನೊಂದು ಕಟ್ಟು ಕವರು ತಂದೆ.

"ಏನ್ರೀ, ಆ ರಸ್ತಾದ್ದೂ ಪಾಲಿಸಿ ಮಾಡಸ್ತೀರೇನು?" ಶುಭಾ ಕೇಳಿದಳು. "ಹುಡುಗ ಆಮಿ ನೋಡ್ತಾನ, ಬರ್ತಾನ. ಸುಮ್ನಿರ್ರಿ."

ಹೋದೆವು. ವಿಮಾನ ತಪ್ಪಲಿಲ್ಲ. ಬ್ಯಾಗು ಬಂತು. ಪಾಸ್‌ಪೋರ್ಟಿನ ಅಧಿಕಾರಿ ಚಿನ್ನುವಿಗೆ ಚಾಕೊಲೇಟು ಕೊಟ್ಟ. ಕೋತಿಗಳು ನಮ್ಮನ್ನು ತಿರುಗಿಯೂ ನೋಡಲಿಲ್ಲ.

ಆ ಜಿಲೇಬಿ ರಸ್ತೆಯಲ್ಲಿ ಮಾತ್ರ ಅಂದುಕೊಂಡಿದ್ದೇ ಆಯಿತು. ಚಹಾ ತೋಟಗಳ ನಡುವೆ, ಜಗತ್ತಿನಲ್ಲೇ ಸುಂದರ ಎನ್ನುವಂಥ ತಿರುವುಗಳಲ್ಲಿ, ಚಿನ್ನು ಒಂದನ್ನೂ ಬಿಡದೆ ಕಾರು ನಿಲ್ಲಿಸಿದ. ಎಂಟನೇ ಕ್ಲಾಸಿನ ಮಗಳು ಮೇಘಾಳ ಬಿಳಿ ಟಾಪಿನ ಮೇಲೆ ಬಿತ್ತು. ಅವಳು ಅತ್ತಳು. ಜಲಪಾತ ನೋಡುವ ಹೊತ್ತು ಮೀರಿತು. ಡ್ರೈವರ್ ನಗುಮುಖದಲ್ಲೇ ಇದ್ದ, ಆದರೆ ಸೀಟು ಒರೆಸುವಾಗ ಅವನ ಹೆಗಲು ನಗುತ್ತಿರಲಿಲ್ಲ.

ಚಿನ್ನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬಾಯಿ ಮುಕ್ಕಳಿಸುತ್ತಿದ್ದ. ನಾನು ಅವನ ಬೆನ್ನು ಸವರುತ್ತಾ ಹಿಂದಿಯಲ್ಲಿ ಹೇಳಿದೆ: "ಕೋಯಿ ಬಾತ್ ನಹೀ ಬೇಟಾ, ಹೋತಾ ಹೈ." ಪರವಾಗಿಲ್ಲ ಮಗನೇ, ಇದೆಲ್ಲ ಆಗುವುದೇ ಎಂದು.

ಆಮೇಲೆ, ಬೆನ್ನಿನ ಮೇಲಿನ ಕೈ ತೆಗೆಯದೆ, ಶುಭಾಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ: "ಇವನನ್ನ ಕಟ್ಕೊಂಡು ಎಲ್ಲೂ ಹೋಗೋಕಾಗಲ್ಲ ಕಣೇ. ಮುಂದಿನ ಸಲ ಹಂಸಾಬೆನ್ ಹತ್ರ ಬಿಟ್ಟು ನಾವು ಮೂರೇ ಜನ ಬರೋಣ. ಮೇಘಾನಾದ್ರೂ ನಾಲ್ಕು ಊರು ನೋಡ್ಲಿ."

ಹಂಸಾಬೆನ್ ನಮ್ಮ ಎದುರು ಮನೆಯವರು. ಮೊಣಕಾಲು ನೋವಿನಿಂದಾಗಿ ದೀಪಾವಳಿಗೂ ಊರು ಬಿಡದವರು. ಚಿನ್ನು ಅವರನ್ನು ಬಾ ಎಂದು ಕರೆಯುತ್ತಾನೆ, ಗುಜರಾತಿನ ಮಕ್ಕಳು ಅಜ್ಜಿಯನ್ನು ಕರೆಯುವ ಹಾಗೆ.

"ಹೌದ್ರಿ," ಎಂದಳು ಶುಭಾ, ಟಾಪು ತೊಳೆಯುತ್ತಾ. "ಅವಂಗೂ ತ್ರಾಸ, ನಮಗೂ ತ್ರಾಸ."

ಇಲ್ಲಿ ನಮ್ಮ ಮನೆಯ ಭಾಷೆಯ ವ್ಯವಹಾರ ಹೇಳಬೇಕು. ಊರ ಕಡೆ ಮಕ್ಕಳಿಗೆ ತಿಳಿಯಬಾರದ್ದನ್ನು ಅಪ್ಪ ಅಮ್ಮ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಇಲ್ಲಿ ಆ ಆಟ ನಡೆಯುವುದಿಲ್ಲ. ನಮ್ಮ ಮಕ್ಕಳು ಇಂಗ್ಲಿಷು, ಹಿಂದಿ, ಗುಜರಾತಿ ಮೂರರಲ್ಲೂ ನಮಗಿಂತ ಜೋರು. ಅವರಿಗೆ ಬಾರದ್ದೆಂದು ಉಳಿದಿದ್ದು ಕನ್ನಡ ಒಂದೇ. ಮೊದಮೊದಲು ಕನ್ನಡದಲ್ಲೇ ಮಾತಾಡಿಸುತ್ತಿದ್ದೆವು, ಅವರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಬೆಳಗಿನ ಸ್ಕೂಲ್ ಬಸ್ಸಿನ ಅವಸರದಲ್ಲಿ ನಾವೂ ಹಿಂದಿಗೆ ಬಿದ್ದೆವು. ಆಮೇಲೆ ಕನ್ನಡ ನಮ್ಮ ಮನೆಯ ಬೀರುವಿನ ಒಳಖಾನೆಯಾಯಿತು. ಬರ್ತ್‌ಡೇಗೆ ತರುವ ಸೈಕಲ್ಲು, ಮಾರ್ಕ್ಸಿನ ಚಿಂತೆ, ಟ್ರಾನ್ಸ್‌ಫರ್ ಸುದ್ದಿ, ನಮ್ಮಿಬ್ಬರ ಜಗಳ, ಎಲ್ಲ ಅದರೊಳಗೆ. ಮಕ್ಕಳ ಎದುರೇ, ಊಟದ ಟೇಬಲ್ಲಿನಲ್ಲೇ, ದನಿ ತಗ್ಗಿಸುವ ಗೋಜೂ ಇಲ್ಲದೆ. ಎಷ್ಟು ಅನುಕೂಲ, ಅಲ್ಲವೇ?

(ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಮೈಕ್ ಹಿಡಿದು ಕೊರಗುವವನೂ ನಾನೇ.)

ಪ್ರವಾಸಕ್ಕೆ ಬರೋಣ. ಆ ರಾತ್ರಿ ಬೆಟ್ಟದ ಮೇಲಿನ ಔಷಧಿ ಅಂಗಡಿಯಲ್ಲಿ ಹೊಸದೊಂದು ವಾಂತಿ ಮಾತ್ರೆ ಕೊಂಡೆ. ಮರುದಿನದಿಂದ ಪವಾಡವೇ ನಡೆಯಿತು. ಬೆಟ್ಟದಿಂದ ಕಡಲಿಗೆ ಇಳಿಯುವ ದಾರಿಯೂ ಅಷ್ಟೇ ತಿರುವಿನದು, ಆದರೆ ಚಿನ್ನು ಒಮ್ಮೆಯೂ ಕಾರು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಕಿಟಕಿಗೆ ಹಣೆ ಒತ್ತಿ ಕೂತಿದ್ದ. ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿ ಬೇಡ ಎಂದ. ದಾರಿಯಲ್ಲಿ ಎಳನೀರು ಕೊಡಿಸಿದರೆ ಅಕ್ಕನ ಕೈಗೆ ದಾಟಿಸಿದ. ನೀರಿನ ಬಾಟಲಿ ಮುಟ್ಟಲಿಲ್ಲ. ಬಾತ್‌ರೂಮಿಗೂ ಕೇಳಲಿಲ್ಲ.

"ನೋಡಿದ್ಯಾ," ಎಂದೆ ಶುಭಾಳಿಗೆ. "ಹೊಸ ಮಾತ್ರೆ ಕೆಲಸ ಮಾಡ್ತಿದೆ."

ಎಷ್ಟು ಖುಷಿಯಾಯಿತೆಂದರೆ ಅಲ್ಲಿಂದಲೇ ವಡೋದರಾದ ಗೆಳೆಯನಿಗೆ ಫೋನು ಮಾಡಿ ಮಾತ್ರೆಯ ಹೆಸರು ಹೇಳಿದೆ. ಅವನ ಮಗಳಿಗೂ ಇದೇ ಕಾಯಿಲೆ. ಅವನು ಬರೆದುಕೊಂಡ.

ಸಂಜೆ ಆಮೆಯ ತೀರಕ್ಕೆ ಬಂದೆವು. ನೀರು, ಮರಳು, ಇಳಿಬಿಸಿಲು, ಎಲ್ಲ ವಿಡಿಯೋದಲ್ಲಿದ್ದ ಹಾಗೆಯೇ. ಒಬ್ಬ ಹೆಂಗಸು ಬಕೆಟ್ಟಿನಿಂದ ಮರಿಗಳನ್ನು ತೆಗೆದು ಮಕ್ಕಳ ಅಂಗೈಗೆ ಇಡುತ್ತಿದ್ದಳು. ನಮ್ಮ ಸರದಿ ಬಂತು. ನಾನು ಫೋನು ಹಿಡಿದು ಸಿದ್ಧನಾದೆ. ಚಿನ್ನು ಒಂದು ಹೆಜ್ಜೆ ಹಿಂದೆ ಸರಿದು ಹೇಳಿದ: "ದೀದಿ ಛೋಡೇಗೀ."

ಅಕ್ಕ ಬಿಡಲಿ ಎಂದ.

"ಅರೇ, ನಿನಗಾಗಿ ತಾನೇ ಬಂದಿದ್ದು?" ಎಂದೆ, ಹಿಂದಿಯಲ್ಲಿ. ಅವನು ಬೇಡವೆಂದು ತಲೆಯಾಡಿಸಿದ. ಮೇಘಾ ಬಿಟ್ಟಳು. ಫೋಟೋ ಚೆನ್ನಾಗಿ ಬಂದಿದೆ. ಹಿಂದೆ, ಸ್ವಲ್ಪ ಮಸುಕಾಗಿ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಚಿನ್ನು ನಿಂತಿದ್ದಾನೆ.

ದಣಿದಿರಬೇಕು ಅಂದುಕೊಂಡೆ. ಜ್ವರ ಬಂತೇ ಎಂದು ಹಣೆ ಮುಟ್ಟಿ ನೋಡಿದೆ. ಡೆಂಗಿ ಇರಬಹುದೇ ಎಂದು ರಾತ್ರಿಯೆಲ್ಲ ಹೊರಳಾಡಿದೆ. ಇಷ್ಟೆಲ್ಲ ಚಿಂತೆ ಮಾಡುವವನಿಗೆ ಮಾಡಬೇಕಾದ ಚಿಂತೆ ಮಾತ್ರ ಹೊಳೆಯಲಿಲ್ಲ.

ಅಹಮದಾಬಾದಿಗೆ ವಾಪಸ್ ಬಂದೆವು. ರಕ್ತ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ.

ಕಳೆದ ಭಾನುವಾರದ ಮಾತು. ಉತ್ತರಾಯಣ, ಅಂದರೆ ಇಲ್ಲಿಯ ಗಾಳಿಪಟದ ಸಂಕ್ರಾಂತಿ, ಹತ್ತಿರ ಬಂದಿದೆ. ಚಿನ್ನು ಬಾಲ್ಕನಿಯಲ್ಲಿ ಗಾಳಿಪಟಗಳನ್ನು ಹರಡಿಕೊಂಡು ಒಂದೊಂದಕ್ಕೂ ಸೂತ್ರ ಕಟ್ಟುತ್ತಿದ್ದ. ನಾನು ಲ್ಯಾಪ್‌ಟಾಪ್ ತೆರೆದು ಬೇಸಿಗೆ ರಜೆಗೆ ವಿಯೆಟ್ನಾಂ ನೋಡುತ್ತಿದ್ದೆ. ಮಾತ್ರೆ ಕೈಯಲ್ಲಿದೆಯಲ್ಲ, ಧೈರ್ಯ ಬಂದಿತ್ತು.

"ನಾಲ್ಕು ಟಿಕೆಟ್," ಎಂದು ಶುಭಾಳಿಗೆ ಕೂಗಿ ಹೇಳಿದೆ.

ಚಿನ್ನು ತಲೆ ಎತ್ತಲಿಲ್ಲ. ದಾರದ ತುದಿಯನ್ನು ಹಲ್ಲಿನಿಂದ ಕತ್ತರಿಸಿ, ಗಂಟು ಎಳೆದು ನೋಡಿ, ಹೇಳಿದ:

"ಮೂರು ಸಾಕು ಪಪ್ಪಾ. ನೀವು ಮೂರೇ ಮಂದಿ ಹೋಗ್ರಿ. ನಾ ಬಾ ಅವರ ಕಡೆ ಇರ್ತೇನಿ. ಅವರನ್ನ ಕೇಳೀನಿ. ಹೂಂ ಅಂದಾರ."

ಹೀಗೇ ಹೇಳಿದ. ಹಿಂದಿಯಲ್ಲಲ್ಲ. ಅಷ್ಟು ಉದ್ದದ ಕನ್ನಡ ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಪೂರ್ತಿ ಅಮ್ಮನ ಹುಬ್ಬಳ್ಳಿ ಧಾಟಿ. ಸಿಟ್ಟಿರಲಿಲ್ಲ. ಅಳುವೂ ಇಲ್ಲ. ಮನೆಯ ಒಂದು ಸಮಸ್ಯೆಯನ್ನು ತಾನೇ ಬಗೆಹರಿಸಿಕೊಟ್ಟ ಸಮಾಧಾನವಿತ್ತು. ಅವನು ಇನ್ನೊಂದು ಪಟ ಎತ್ತಿಕೊಂಡ.

ಶುಭಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು. ಒಳಗೆ ಹೋಗಿ ನಲ್ಲಿ ಬಿಟ್ಟಳು, ಪಾತ್ರೆಯೇನೂ ಇರಲಿಲ್ಲ.

ಯಾವ ಭಾಷೆಯಲ್ಲಿ ಹೇಳಲಿ? ನನ್ನ ಹಿಂದಿ ಸಮಾಧಾನಗಳ ಬೆಲೆ ಅವನಿಗೆ ಗೊತ್ತು. ಒಂದೊಂದನ್ನೂ ಕನ್ನಡದ ಜೊತೆ ತಾಳೆ ನೋಡಿದ್ದಾನೆ. "ಹಾಗಲ್ಲ ಕಣೋ, ಸುಮ್ಮನೆ ಅಂದಿದ್ದು," ಎಂದೆ, ಕನ್ನಡದಲ್ಲೇ. "ಹಂ," ಎಂದ. ಮಾರ್ಕ್ಸು ಕಡಿಮೆ ಬಂದಾಗ ನಾನು "ಹಂ" ಎನ್ನುವ ಹಾಗೆಯೇ.

ಅಂದಿನಿಂದ ಊಟದ ಟೇಬಲ್ಲಿನ ಮಾತುಗಳೆಲ್ಲ ತಲೆಯಲ್ಲಿ ತಿರುಗುತ್ತಿವೆ. ಮೇಘಾ ಇವನ ವಯಸ್ಸಿನಲ್ಲಿ ಎಷ್ಟು ಚುರುಕಿದ್ದಳು ಎಂದದ್ದು. ಇವನು ಯಾರ ಹಾಗೆ ಹುಟ್ಟಿದನೋ ಎಂದು ನಕ್ಕದ್ದು. ಯಾವುದನ್ನು ಕೇಳಿಸಿಕೊಂಡ? ಯಾವ ವಯಸ್ಸಿನಿಂದ? ಕೇಳಿಸಿಕೊಂಡೂ, ಉಪ್ಪಿನಕಾಯಿ ಕೊಡು ಎಂದು ಹಿಂದಿಯಲ್ಲಿ ಕೇಳಿದ ದಿನಗಳು ಎಷ್ಟು? ಮುಂದೆ ಆಗಬಹುದಾದದ್ದನ್ನು ಊಹಿಸಿ ಹೆದರುವ ಅಭ್ಯಾಸ ನನಗಿದೆ. ಆಗಿಹೋದದ್ದಕ್ಕೆ ಹೆದರುವುದು ಹೊಸದು.

ಆ ರಸ್ತೆಯ ಮರುದಿನ ಅವನು ತಿಂಡಿ, ನೀರು ಯಾಕೆ ಮುಟ್ಟಲಿಲ್ಲ ಎಂಬುದೂ ಈಗ ಗೊತ್ತಾಗಿದೆ. ಅದು ಮಾತ್ರೆಯ ಕೆಲಸವಲ್ಲ ಎಂದು ವಡೋದರಾದ ಗೆಳೆಯನಿಗೆ ಇನ್ನೂ ಫೋನು ಮಾಡಿಲ್ಲ.

ಟಿಕೆಟ್ಟು ನಾಲ್ಕೇ ಮಾಡಿಸಿದ್ದೇನೆ. ಚಿನ್ನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ನಿನ್ನೆ ಹಂಸಾಬೆನ್ ಲಿಫ್ಟಿನಲ್ಲಿ ಸಿಕ್ಕಿ, ಚಿನ್ನುವಿಗೆ ಬೇಸಿಗೆಯಲ್ಲಿ ಮಾವಿನಹಣ್ಣಿನ ಆಮ್‌ರಸ್ ಮಾಡಿಕೊಡುತ್ತೇನೆ, ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ ಎಂದರು.

ಲಿಫ್ಟಿನಲ್ಲಿದ್ದ ಇನ್ನೊಬ್ಬರು ಶ್ರೀಲಂಕಾ ಹೇಗಿತ್ತು, ಏನೂ ತೊಂದರೆಯಾಗಲಿಲ್ಲವಷ್ಟೇ ಎಂದು ಕೇಳಿದರು. ಇಲ್ಲ ಎಂದೆ. ಹೇಳುವಂಥದ್ದು ಏನೂ ಆಗಿಲ್ಲ.

ನನ್ನ ಮಗನಿಗೆ ಕನ್ನಡ ಬರುತ್ತಿತ್ತು, ಅಷ್ಟೇ.